ಅಪಾಚೆ ಮುಂದೆ, ಟಾಮ್‌ಕ್ಯಾಟ್ ಹಿಂದೆ: ನಡುವೆ ಯಾವ ಕನೆಕ್ಟರ್?

ವೆಬ್ ಸರ್ವರ್ ಆದ ಅಪಾಚೆ ತನ್ನಷ್ಟಕ್ಕೆ ಸರಿಯಾಗಿ ಓಡುತ್ತಿರುತ್ತದೆ. ಜಾವಾ ಅಪ್ಲಿಕೇಶನ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ ಕೂಡ ತನ್ನ 8080 ಪೋರ್ಟ್‌ನಲ್ಲಿ ಚೆನ್ನಾಗಿಯೇ ಉತ್ತರ ಕೊಡುತ್ತಿರುತ್ತದೆ. ಎರಡನ್ನೂ ಜೋಡಿಸಲು ಹೊರಟ ಗಳಿಗೆಯಿಂದ ತಲೆನೋವು ಶುರು. ಒಮ್ಮೆ 503 (ಸೇವೆ ಸಿಗುತ್ತಿಲ್ಲ ಎಂಬ ಎರರ್), ಇನ್ನೊಮ್ಮೆ ಖಾಲಿ ಪುಟ, ಮತ್ತೊಮ್ಮೆ ಲಾಗಿನ್ ಆದಮೇಲೂ ತಿರುಗಿ ಲಾಗಿನ್ ಪುಟ. ಅಪಾಚೆಯ ಲಾಗ್ ನೋಡಿದರೆ ತಪ್ಪು ಹಿಂದಿನವನದು ಅನ್ನುತ್ತದೆ. ಟಾಮ್‌ಕ್ಯಾಟ್‌ನ ಲಾಗ್‌ನಲ್ಲಿ ರಿಕ್ವೆಸ್ಟ್ ಬಂದ ಸುಳಿವೇ ಇರುವುದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಹಾಗೆ, ಸೊರಗುವುದು ನಮ್ಮ ಅಪ್ಲಿಕೇಶನ್.

ಹುಡುಕಾಡಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಕಾರಣ, ಈ ಜೋಡಣೆಗೆ ಒಂದು ಉದ್ದನೆಯ ಇತಿಹಾಸವಿದೆ, ಅದರ ಎಲ್ಲ ತಲೆಮಾರಿನ ಸಲಹೆಗಳೂ ಇಂಟರ್ನೆಟ್‌ನಲ್ಲಿ ಒಟ್ಟಿಗೇ ಸಿಗುತ್ತವೆ. ಅಪಾಚೆಗೆ ಸೇರಿಸುವ ಮಾಡ್ಯೂಲ್‌ಗಳಲ್ಲಿ ಮೊದಲು ಮಾಡ್‌-ಜೆಸರ್ವ್ ಇತ್ತು. ಆಮೇಲೆ ಮಾಡ್‌-ಜೆಕೆ ಬಂತು. ನಡುವೆ ಮಾಡ್‌-ವೆಬ್‌ಆ್ಯಪ್ ಎಂಬುದೊಂದು ಬಂದು ಹೋಯಿತು. ಮಾಡ್‌-ಜೆಕೆ2 ಎಂಬುದನ್ನು ಬರೆಯಲು ಹೊರಟವರೇ 2004ರಲ್ಲಿ ಕೈಬಿಟ್ಟರು. ಹೆಸರಿನಲ್ಲಿ 2 ಇದೆಯೆಂದು ಅದೇ ಹೊಸದಿರಬೇಕು ಅಂದುಕೊಂಡು ಇವತ್ತಿಗೂ ಅದನ್ನು ಹುಡುಕುವವರಿದ್ದಾರೆ. 2005ರ ಡಿಸೆಂಬರ್‌ನಲ್ಲಿ ಅಪಾಚೆ 2.2 ಬಂದಾಗ ಮಾಡ್‌-ಪ್ರಾಕ್ಸಿ-ಎಜೆಪಿಯೂ ಹಲವು ಸರ್ವರ್‌ಗಳಿಗೆ ಹೊರೆ ಹಂಚುವ ಲೋಡ್ ಬ್ಯಾಲೆನ್ಸರ್ ಕೂಡ ಅಪಾಚೆಯ ಒಳಗೇ ಬಂದವು. ಅಷ್ಟರಲ್ಲಿ ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ ಬೇರೆ ಬಂದಾಗಿತ್ತು. ಹೀಗಾಗಿ ಒಂದು ಲೇಖನದ ಅರ್ಧ, ಇನ್ನೊಂದು ಲೇಖನದ ಅರ್ಧ ಹಾಕಿ ಕಟ್ಟಿದ ಕಾನ್ಫಿಗ್ ಫೈಲುಗಳು ಎಷ್ಟೋ ಸರ್ವರ್‌ಗಳಲ್ಲಿ ಕೂತಿವೆ.

ಇವತ್ತು ನಿಜವಾಗಿ ಆರಿಸಿಕೊಳ್ಳಬೇಕಾದ್ದು ಐದರಲ್ಲಿ ಒಂದನ್ನು: ಮುಂದೆ ಏನೂ ಇಲ್ಲದೆ ಟಾಮ್‌ಕ್ಯಾಟ್ ಒಂದೇ, ಅಪಾಚೆಯ ಎಚ್‌ಟಿಟಿಪಿ ಪ್ರಾಕ್ಸಿ, ಅಪಾಚೆಯ ಎಜೆಪಿ ಪ್ರಾಕ್ಸಿ, ಮಾಡ್‌-ಜೆಕೆ, ಎಂಜಿನ್‌ಎಕ್ಸ್. ಪ್ರಾಕ್ಸಿ ಎಂದರೆ ಬಳಕೆದಾರನ ರಿಕ್ವೆಸ್ಟನ್ನು ಹಿಂದಿನ ಸರ್ವರ್‌ಗೆ ದಾಟಿಸಿ ಉತ್ತರ ತಂದುಕೊಡುವ ಮಧ್ಯವರ್ತಿ. ಎಜೆಪಿ ಎಂದರೆ ಅಪಾಚೆಯಂಥ ಸರ್ವರ್ ಟಾಮ್‌ಕ್ಯಾಟ್ ಜೊತೆ ಮಾತಾಡಲೆಂದೇ ಮಾಡಿದ ಪ್ರೊಟೊಕಾಲ್. ಇವುಗಳ ನಡುವೆ ವೇಗದ ಹೋಲಿಕೆ ಮಾಡುತ್ತ ಕೂರುವುದು ನನ್ನ ಪ್ರಕಾರ ಕಾಲಹರಣ. ಎರಡೂ ಒಂದೇ ಮೆಷಿನ್‌ನಲ್ಲಿದ್ದಾಗ ಎಜೆಪಿಗೂ ಎಚ್‌ಟಿಟಿಪಿಗೂ ಇರುವ ವ್ಯತ್ಯಾಸ ನಿಮ್ಮ ಒಂದು ಸೋಮಾರಿ ಡೇಟಾಬೇಸ್ ಕ್ವೆರಿಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ರಾತ್ರಿ ಹನ್ನೊಂದಕ್ಕೆ ಸೈಟ್ ನಿಂತರೆ, ತಪ್ಪು ಯಾವ ಕಡೆ ಇದೆ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆಯೇ? ಈ ಅಳತೆ ಹಿಡಿದು ನೋಡಿದರೆ ಹೊಸದಾಗಿ ಕಟ್ಟುವ ಬಹುಪಾಲು ಜನರಿಗೆ ಎಚ್‌ಟಿಟಿಪಿ ಪ್ರಾಕ್ಸಿಯೇ ಸರಿ. ಆ ಪ್ರಾಕ್ಸಿ ಅಪಾಚೆಯೋ ಎಂಜಿನ್‌ಎಕ್ಸೋ ಎಂಬುದು ಎರಡನೆಯ ಮಾತು. ಉಳಿದವುಗಳಿಗೂ ಜಾಗವಿದೆ, ಆದರೆ ಚಿಕ್ಕ ಜಾಗ.

ಮುಂದೆ ಒಬ್ಬರು ಬೇಕೇ ಬೇಕೆ?

ಇದನ್ನು ಯಾರೂ ಮೊದಲು ಕೇಳುವುದಿಲ್ಲ. ಟಾಮ್‌ಕ್ಯಾಟ್ ತಾನೇ ಒಂದು ಎಚ್‌ಟಿಟಿಪಿ ಸರ್ವರ್. 8.5ರಿಂದ ಈಚೆಗೆ ಎಚ್‌ಟಿಟಿಪಿ/2 ಬರುತ್ತದೆ, ಒಂದೇ ಪೋರ್ಟ್‌ನಲ್ಲಿ ಹಲವು ಡೊಮೇನ್‌ಗಳಿಗೆ ಬೇರೆ ಬೇರೆ ಸರ್ಟಿಫಿಕೇಟ್ ಕೊಡಲೂ ಬರುತ್ತದೆ. ಚಿತ್ರ, ಸಿಎಸ್‌ಎಸ್ ಫೈಲುಗಳನ್ನು ಜಾವಾ ಸರ್ವರ್ ನಿಧಾನವಾಗಿ ಕೊಡುತ್ತದೆ, ಅದಕ್ಕೇ ಅಪಾಚೆ ಬೇಕು ಎಂಬುದು ಹಳೆಯ ಕಾಲದ ವಾದ. ಕಂಪನಿಯ ಒಳಗಿನವರಷ್ಟೇ ಬಳಸುವ ಒಂದೇ ಅಪ್ಲಿಕೇಶನ್ ಆಗಿದ್ದರೆ, ಅಥವಾ ಮುಂದೆ ಕ್ಲೌಡ್‌ನವರ ಲೋಡ್ ಬ್ಯಾಲೆನ್ಸರ್ ಇದ್ದೇ ಇದ್ದರೆ, ನಡುವೆ ಅಪಾಚೆ ತಂದು ಕೂರಿಸುವುದು ಇನ್ನೊಂದು ಲಾಗ್ ಓದುವ ಕೆಲಸವನ್ನು ಮೈಮೇಲೆ ಎಳೆದುಕೊಂಡ ಹಾಗೆ.

ತೊಡಕು ಎರಡು. ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ ಹಿಡಿಯಲು ರೂಟ್ ಅಧಿಕಾರ ಬೇಕು, ಟಾಮ್‌ಕ್ಯಾಟನ್ನು ರೂಟ್ ಆಗಿ ಓಡಿಸಲೇಬಾರದು. ಆದ್ದರಿಂದ ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ಮೂಲಕ ಆ ಒಂದು ಅಧಿಕಾರವನ್ನಷ್ಟೇ ಕೊಡಬೇಕು, ಇಲ್ಲವೇ ಫೈರ್‌ವಾಲ್‌ನಲ್ಲಿ 443ನ್ನು 8443ಕ್ಕೆ ತಿರುಗಿಸಬೇಕು. ಎರಡನೆಯದು ಸರ್ಟಿಫಿಕೇಟ್. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ತಂದು ಹಾಕುವ ಸರ್ಟ್‌ಬಾಟ್‌ಗೆ ಅಪಾಚೆ, ಎಂಜಿನ್‌ಎಕ್ಸ್ ಎರಡಕ್ಕೂ ಪ್ಲಗಿನ್ ಇದೆ, ಟಾಮ್‌ಕ್ಯಾಟ್‌ಗೆ ಇಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ 90 ದಿನದ್ದಾದ್ದರಿಂದ ನವೀಕರಣದ ಸ್ಕ್ರಿಪ್ಟ್ ನೀವೇ ಬರೆಯಬೇಕು. ಒಂದೇ ಮೆಷಿನ್‌ನಲ್ಲಿ ಪಿಎಚ್‌ಪಿ ಸೈಟೊಂದು, ಎರಡು ಜಾವಾ ಅಪ್ಲಿಕೇಶನ್ ಎಲ್ಲ ಇದ್ದರೆ ಮಾತ್ರ ವಾದಕ್ಕೆ ಜಾಗವಿಲ್ಲ, ಮುಂದೆ ಒಬ್ಬರು ಬೇಕೇ ಬೇಕು.

ಅಪಾಚೆಯ ಎಚ್‌ಟಿಟಿಪಿ ಪ್ರಾಕ್ಸಿ

ಇದರ ದೊಡ್ಡ ಗುಣ ಒಂದೇ. ಹಿಂದಿನ ಟಾಮ್‌ಕ್ಯಾಟನ್ನು ಪ್ರಾಕ್ಸಿ ಇಲ್ಲದೆ ನೇರವಾಗಿ ಮಾತಾಡಿಸಬಹುದು. ಸೈಟ್ ಕೈಕೊಟ್ಟಿತೇ? ಸರ್ವರ್‌ಗೆ ಲಾಗಿನ್ ಆಗಿ 127.0.0.1ರ (ಅಂದರೆ ಅದೇ ಮೆಷಿನ್‌ನ) 8080ಕ್ಕೆ ಕರ್ಲ್ ಎಂಬ ಕಮಾಂಡ್‌ನಿಂದ ಒಂದು ರಿಕ್ವೆಸ್ಟ್ ಹೊಡೆಯಿರಿ. ಪುಟ ಬಂದರೆ ಟಾಮ್‌ಕ್ಯಾಟ್ ಸರಿಯಿದೆ, ದೋಷ ಅಪಾಚೆಯಲ್ಲೋ ನಡುವಿನ ದಾರಿಯಲ್ಲೋ ಇದೆ. ಬರದಿದ್ದರೆ ಅಪಾಚೆಯ ಕಾನ್ಫಿಗ್ ಮುಟ್ಟುವುದೇ ಬೇಡ. ಎಜೆಪಿಯಲ್ಲಿ ಈ ಸುಖ ಇಲ್ಲ.

ಆದರೆ ಎಚ್‌ಟಿಟಿಪಿ ಪ್ರಾಕ್ಸಿ ಹಾಕಿದ ಕೂಡಲೇ ಎಲ್ಲ ಸರಿಯಾಗುತ್ತದೆ ಎಂದೇನೂ ಇಲ್ಲ. ಮೊದಲ ಎಡವು ಮಾಡ್ಯೂಲ್‌ನಲ್ಲೇ. ಡೆಬಿಯನ್, ಉಬುಂಟುಗಳಲ್ಲಿ ಮಾಡ್‌-ಪ್ರಾಕ್ಸಿ ಒಂದನ್ನೇ ಆನ್ ಮಾಡಿ ಮಾಡ್‌-ಪ್ರಾಕ್ಸಿ-ಎಚ್‌ಟಿಟಿಪಿಯನ್ನು ಬಿಟ್ಟರೆ ಅಪಾಚೆ ದೂರಿಲ್ಲದೆ ಶುರುವಾಗುತ್ತದೆ. ರಿಕ್ವೆಸ್ಟ್ ಬಂದಾಗ ಮಾತ್ರ 500 ಕೊಟ್ಟು, ಎರರ್ ಲಾಗ್‌ನಲ್ಲಿ ಎಎಚ್01144 ಎಂಬ ಸಂಖ್ಯೆಯೊಂದಿಗೆ, ಈ ವಿಳಾಸಕ್ಕೆ ಪ್ರೊಟೊಕಾಲ್ ಹ್ಯಾಂಡ್ಲರ್ ಸಿಗಲಿಲ್ಲ ಎಂದು ಬರೆಯುತ್ತದೆ. ಆ ಸಂಖ್ಯೆ ಕಂಡರೆ ಬೇರೇನೂ ಯೋಚಿಸಬೇಡಿ, ಮಾಡ್ಯೂಲ್ ಪಟ್ಟಿ ನೋಡಿ.

ಎರಡನೆಯದು ಹೋಸ್ಟ್ ಹೆಸರು. ಪ್ರಾಕ್ಸಿ-ಪ್ರಿಸರ್ವ್-ಹೋಸ್ಟ್ ಎಂಬ ಆಯ್ಕೆ ಮೊದಲಿಗೆ ಆಫ್ ಇರುತ್ತದೆ. ಅಂದರೆ ಬ್ರೌಸರ್ ಕೇಳಿದ ಡೊಮೇನ್ ಹೆಸರು ಟಾಮ್‌ಕ್ಯಾಟ್‌ಗೆ ತಲುಪುವುದೇ ಇಲ್ಲ, ಅದಕ್ಕೆ ಕಾಣುವುದು ಲೋಕಲ್‌ಹೋಸ್ಟ್ 8080. ಪುಟಗಳೆಲ್ಲ ಸರಿಯಾಗಿ ತೆರೆಯುವುದರಿಂದ ಇದು ವಾರಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪಾಸ್‌ವರ್ಡ್ ಮರೆತ ಯಾರೋ ಗ್ರಾಹಕರಿಗೆ ಹೋದ ಇಮೇಲ್‌ನಲ್ಲಿ ಲೋಕಲ್‌ಹೋಸ್ಟ್ ಲಿಂಕ್ ಕಂಡು ಅವರು ಫೋನ್ ಮಾಡಿದಾಗ ಗೊತ್ತಾಗುತ್ತದೆ. ಆ ಆಯ್ಕೆಯನ್ನು ಆನ್ ಮಾಡಿಯೇ ಶುರುಮಾಡಿ.

ಮೂರನೆಯದು ಎಚ್‌ಟಿಟಿಪಿಎಸ್. ಅಪಾಚೆ ಸರ್ಟಿಫಿಕೇಟ್ ನೋಡಿಕೊಂಡು, ಹಿಂದಕ್ಕೆ ಬರಿಯ ಎಚ್‌ಟಿಟಿಪಿಯಲ್ಲಿ ಕಳಿಸುತ್ತದೆ. ಬಳಕೆದಾರ ಸುರಕ್ಷಿತ ದಾರಿಯಲ್ಲಿ ಬಂದ ಎಂಬುದು ಟಾಮ್‌ಕ್ಯಾಟ್‌ಗೆ ಗೊತ್ತೇ ಇಲ್ಲ. ಅದು ಎಚ್‌ಟಿಟಿಪಿ ವಿಳಾಸಕ್ಕೆ ರೀಡೈರೆಕ್ಟ್ ಮಾಡುತ್ತದೆ, ಅಪಾಚೆ ತಿರುಗಿ ಎಚ್‌ಟಿಟಿಪಿಎಸ್‌ಗೆ ಕಳಿಸುತ್ತದೆ, ಕೊನೆಗೆ ಬ್ರೌಸರ್ ಕೈಚೆಲ್ಲಿ ರೀಡೈರೆಕ್ಟ್ ಜಾಸ್ತಿಯಾಯಿತು ಎನ್ನುತ್ತದೆ. ಅಪ್ಲಿಕೇಶನ್ ಸುರಕ್ಷಿತ ಸಂಪರ್ಕವನ್ನೇ ಕಡ್ಡಾಯ ಮಾಡಿದ್ದರೆ ಇನ್ನೊಂದು ಚೋದ್ಯ: ಬಳಕೆದಾರ 8443ಕ್ಕೆ ಹೋಗಿ ಬೀಳುತ್ತಾನೆ, ಅಲ್ಲಿ ಕೇಳಿಸಿಕೊಳ್ಳುವವರೇ ಇರುವುದಿಲ್ಲ. ಮದ್ದು ಎರಡು ಕಡೆ ಹಚ್ಚಬೇಕು. ಬಳಕೆದಾರನ ವಿಳಾಸ ಹೇಳುವ ಎಕ್ಸ್‌-ಫಾರ್ವರ್ಡೆಡ್‌-ಫಾರ್ ಹೆಡರನ್ನು ಅಪಾಚೆ ತಾನಾಗಿ ಸೇರಿಸುತ್ತದೆ, ಅವನು ಎಚ್‌ಟಿಟಿಪಿಎಸ್‌ನಲ್ಲಿ ಬಂದನೇ ಎಂದು ಹೇಳುವ ಎಕ್ಸ್‌-ಫಾರ್ವರ್ಡೆಡ್‌-ಪ್ರೋಟೋ ಹೆಡರನ್ನು ಸೇರಿಸುವುದಿಲ್ಲ. ಅದನ್ನು ಮಾಡ್‌-ಹೆಡರ್ಸ್ ಮೂಲಕ ನೀವೇ ಹಾಕಬೇಕು. ಟಾಮ್‌ಕ್ಯಾಟ್ ಕಡೆ ಅದರ ಕಾನ್ಫಿಗ್ ಫೈಲಾದ ಸರ್ವರ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ, ಈ ಹೆಡರ್‌ಗಳನ್ನು ಓದಿಕೊಳ್ಳುವ ರಿಮೋಟ್‌-ಐಪಿ-ವಾಲ್ವ್ ಸೇರಿಸಬೇಕು. ಒಂದು ಕಡೆ ಮಾಡಿ ಇನ್ನೊಂದು ಕಡೆ ಬಿಟ್ಟರೆ ಮಾಡದ ಹಾಗೇ. ವಾಲ್ವ್ ಹಾಕಿದ ಮೇಲೂ ಟಾಮ್‌ಕ್ಯಾಟ್‌ನ ಆಕ್ಸೆಸ್ ಲಾಗ್‌ನಲ್ಲಿ ಎಲ್ಲರ ವಿಳಾಸ 127.0.0.1 ಅಂತಲೇ ಬರುತ್ತಿದ್ದರೆ ಗಾಬರಿ ಬೇಡ. ಆಕ್ಸೆಸ್ ಲಾಗ್ ವಾಲ್ವ್‌ನಲ್ಲಿ ರಿಕ್ವೆಸ್ಟ್‌-ಆಟ್ರಿಬ್ಯೂಟ್ಸ್‌-ಎನೇಬಲ್ಡ್ ಎಂಬುದನ್ನು ಟ್ರೂ ಮಾಡಿದರೆ ನಿಜವಾದ ವಿಳಾಸ ಬರುತ್ತದೆ.

ಇನ್ನು ಪಾಥ್. ಅತಿ ಹೆಚ್ಚು ಗೋಳು ಹೊಯ್ದುಕೊಳ್ಳುವುದು ಇದೇ. ಟಾಮ್‌ಕ್ಯಾಟ್‌ನಲ್ಲಿ ಅಪ್ಲಿಕೇಶನ್ ಇರುವುದು "ಅಂಗಡಿ" ಎಂಬ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಆ ಹೆಸರಿನ ಪಾಥ್‌ನಲ್ಲಿ, ಅಂದುಕೊಳ್ಳಿ. ಹೊರಗೆ ಮಾತ್ರ ಡೊಮೇನ್‌ನ ಬುಡದಲ್ಲೇ ಕಾಣಬೇಕು ಎಂಬ ಆಸೆ. ಯಾವ ಪಾಥ್ ಹಿಂದೆ ಎಲ್ಲಿಗೆ ಹೋಗಬೇಕೆಂದು ಅಪಾಚೆಗೆ ಹೇಳುವ ಪ್ರಾಕ್ಸಿಪಾಸ್ ಸಾಲಿನಲ್ಲಿ ಹಾಗೆ ಬರೆಯಲೂಬಹುದು. ಮೊದಲ ಪುಟ ಬರುತ್ತದೆ, ಆದರೆ ಲಾಗಿನ್ ನಿಲ್ಲುವುದಿಲ್ಲ. ಏಕೆಂದರೆ ಬಳಕೆದಾರನನ್ನು ಗುರುತಿಡಲು ಟಾಮ್‌ಕ್ಯಾಟ್ ಕೊಡುವ ಜೆಸೆಷನ್‌ಐಡಿ ಕುಕ್ಕಿಯ ಮೇಲೆ "ಅಂಗಡಿ ಪಾಥ್‌ಗೆ ಮಾತ್ರ" ಎಂದು ಬರೆದಿರುತ್ತದೆ. ಬ್ರೌಸರ್ ನಿಂತಿರುವುದು ಬುಡದ ಪಾಥ್‌ನಲ್ಲಿ. ಕುಕ್ಕಿಯನ್ನು ಇಟ್ಟುಕೊಳ್ಳುತ್ತದೆ, ಮುಂದಿನ ರಿಕ್ವೆಸ್ಟ್‌ನಲ್ಲಿ ವಾಪಸ್ ಕಳಿಸುವುದಿಲ್ಲ. ಟಾಮ್‌ಕ್ಯಾಟ್ ಇವನು ಹೊಸಬ ಅಂದುಕೊಂಡು ಮತ್ತೊಂದು ಸೆಷನ್ ತೆರೆಯುತ್ತದೆ. ಪ್ರಾಕ್ಸಿಪಾಸ್‌ರಿವರ್ಸ್ ಇದನ್ನು ಸರಿಮಾಡುವುದಿಲ್ಲ, ಅದು ತಿದ್ದುವುದು ರೀಡೈರೆಕ್ಟ್ ಹೆಡರ್‌ಗಳನ್ನು ಮಾತ್ರ. ಕುಕ್ಕಿಗೆ ಪ್ರಾಕ್ಸಿಪಾಸ್‌ರಿವರ್ಸ್‌-ಕುಕ್ಕಿಪಾಥ್ ಎಂಬ ಪ್ರತ್ಯೇಕ ಸಾಲು ಬೇಕು. ಪುಟದೊಳಗಿನ ಎಚ್‌ಟಿಎಂಎಲ್ ಲಿಂಕ್‌ಗಳನ್ನು ಇವೆರಡೂ ಮುಟ್ಟುವುದಿಲ್ಲ, ಅದಕ್ಕೆ ಮಾಡ್‌-ಪ್ರಾಕ್ಸಿ-ಎಚ್‌ಟಿಎಂಎಲ್ ಎಂಬ ಇನ್ನೊಂದು ಮಾಡ್ಯೂಲ್. ಇಷ್ಟೆಲ್ಲ ಹೊಲಿಗೆ ಹಾಕುವ ಬದಲು, ಅಪ್ಲಿಕೇಶನ್ ತುಂಬಿಕೊಂಡು ಬರುವ ವಾರ್ ಫೈಲ್‌ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ರೂಟ್ ಎಂದು ಬದಲಿಸಿ ಇಟ್ಟುಬಿಡಿ, ಅಪ್ಲಿಕೇಶನ್ ಟಾಮ್‌ಕ್ಯಾಟ್‌ನಲ್ಲೂ ಬುಡದಲ್ಲೇ ಕೂರುತ್ತದೆ. ಹೊರಗೂ ಒಳಗೂ ಒಂದೇ ಪಾಥ್ ಇಟ್ಟುಕೊಂಡವರಿಗೆ ಈ ಜೋಡಣೆಯ ಅರ್ಧ ಸಂಕಟ ಬರುವುದೇ ಇಲ್ಲ. ಜೊತೆಗೆ, ಪ್ರಾಕ್ಸಿಪಾಸ್‌ನ ಎಡಗಡೆ ಕೊನೆಗೆ ಸ್ಲ್ಯಾಶ್ ಇದ್ದರೆ ಬಲಗಡೆಯೂ ಇರಲಿ, ಇಲ್ಲದಿದ್ದರೆ ಎರಡೂ ಕಡೆ ಬೇಡ.

ವೆಬ್‌ಸಾಕೆಟ್ (ಬ್ರೌಸರ್‌ಗೂ ಸರ್ವರ್‌ಗೂ ನಡುವೆ ತೆರೆದೇ ಇರುವ ಸಂಪರ್ಕ) ಬೇಕಿದ್ದರೆ ಎಜೆಪಿಯಲ್ಲಿ ದಾರಿಯೇ ಇಲ್ಲ, ಎಚ್‌ಟಿಟಿಪಿಯಲ್ಲಿ ಇದೆ. ಅಪಾಚೆ 2.4.47ರಿಂದ ಎಚ್‌ಟಿಟಿಪಿ ಪ್ರಾಕ್ಸಿಯೇ ಅದನ್ನು ನಿಭಾಯಿಸುತ್ತದೆ, ಅದಕ್ಕೂ ಹಳೆಯದಾದರೆ ಡಬ್ಲ್ಯುಎಸ್‌-ಟನಲ್ ಮಾಡ್ಯೂಲ್ ಬೇಕು.

ಎಜೆಪಿ ಎಂಬ ಒಳಭಾಷೆ

ಎಜೆಪಿ 1.3 ಎಂಬುದು ಬೈನರಿ ಪ್ರೊಟೊಕಾಲ್, ವಾಡಿಕೆಯ ಪೋರ್ಟ್ 8009. ಅಪಾಚೆಯಿಂದ ಹೊರಡುವ ಪ್ರತಿ ಪ್ಯಾಕೆಟ್ ಹದಿನಾರರ ಎಣಿಕೆಯಲ್ಲಿ 12 34 ಎಂಬ ಎರಡು ಬೈಟ್‌ಗಳಿಂದ ಶುರುವಾಗುತ್ತದೆ. ಸಾಮಾನ್ಯ ಹೆಡರ್‌ಗಳ ಹೆಸರನ್ನು ಪೂರ್ತಿ ಬರೆಯದೆ ಎರಡು ಬೈಟ್‌ನ ಸಂಕೇತದಲ್ಲಿ ಹೇಳುತ್ತದೆ. ಬ್ಯಾಂಡ್‌ವಿಡ್ತ್ ದುಬಾರಿಯಾಗಿದ್ದ ಕಾಲದಲ್ಲಿ ಇದು ಜಾಣತನವೇ.

ಇದರಲ್ಲಿ ನಿಜವಾಗಿ ಮೆಚ್ಚುವ ವಿಷಯ ಬೇರೆ ಇದೆ. ಮೇಲೆ ಹೇಳಿದ ಎಚ್‌ಟಿಟಿಪಿಎಸ್ ಗೋಳು, ಬಳಕೆದಾರನ ನಿಜವಾದ ಐಪಿ ವಿಳಾಸದ ಗೋಳು ಎಜೆಪಿಯಲ್ಲಿ ಇಲ್ಲವೇ ಇಲ್ಲ. ಸಂಪರ್ಕ ಸುರಕ್ಷಿತವೇ, ಯಾವ ವಿಳಾಸದಿಂದ ಬಂತು, ಹೋಸ್ಟ್ ಹೆಸರೇನು, ಬಳಕೆದಾರ ತೋರಿಸಿದ ಸರ್ಟಿಫಿಕೇಟ್ ಯಾವುದು, ಇವೆಲ್ಲ ಪ್ರೊಟೊಕಾಲ್‌ನ ಒಳಗೇ ಹೋಗುತ್ತವೆ. ಅಪಾಚೆಯೇ ಲಾಗಿನ್ ನೋಡಿಕೊಂಡು ಬಳಕೆದಾರನ ಹೆಸರನ್ನು ಹಿಂದಕ್ಕೆ ದಾಟಿಸುವ ಏರ್ಪಾಡು ನಿಮ್ಮದಾದರೆ, ಉದಾಹರಣೆಗೆ ಕೆರ್ಬೆರೋಸ್ ಅಥವಾ ಶಿಬ್ಬೊಲೆತ್ ಎಂಬ ಲಾಗಿನ್ ವ್ಯವಸ್ಥೆಗಳು ಇರುವ ವಿಶ್ವವಿದ್ಯಾಲಯಗಳಲ್ಲಿ, ಟಾಮ್‌ಕ್ಯಾಟ್‌-ಅಥೆಂಟಿಕೇಶನ್ ಎಂಬುದನ್ನು ಫಾಲ್ಸ್ ಮಾಡಿದರೆ ಸಾಕು. ಎಚ್‌ಟಿಟಿಪಿಯಲ್ಲಿ ಇದನ್ನೇ ಹೆಡರ್ ಮೂಲಕ ಮಾಡಲು ಹೋದರೆ, ಹೊರಗಿನವರು ಅದೇ ಹೆಡರನ್ನು ತಾವೇ ಸೇರಿಸಿ ಒಳಬರದಂತೆ ಕಾಯುವ ಹೊಣೆ ನಿಮ್ಮದಾಗುತ್ತದೆ. ಎಜೆಪಿಗೆ ನಾನು ಕೊಡುವ ಚಿಕ್ಕ ಜಾಗ ಇದೇ.

ಉಳಿದಂತೆ 2020ರ ಫೆಬ್ರುವರಿಯ ನಂತರ ಎಜೆಪಿಯ ಲೆಕ್ಕ ಬದಲಾಗಿದೆ. ಘೋಸ್ಟ್‌ಕ್ಯಾಟ್ ಎಂದು ಹೆಸರಾದ ದೋಷ ಆಗ ಹೊರಬಿತ್ತು. 8009 ಹೊರಗಿನವರಿಗೆ ತೆರೆದಿದ್ದರೆ, ಹೊರಗೆ ಕಾಣಬಾರದ ವೆಬ್‌-ಇನ್ಫ್ ಫೋಲ್ಡರ್ ಒಳಗಿನ ಫೈಲುಗಳನ್ನೂ ಯಾರು ಬೇಕಾದರೂ ಓದಬಹುದಿತ್ತು. ಅಪ್ಲಿಕೇಶನ್ ಫೈಲ್ ಅಪ್‌ಲೋಡ್‌ಗೆ ಬಿಟ್ಟಿದ್ದರೆ ತಮ್ಮ ಕೋಡ್ ಓಡಿಸಲೂಬಹುದಿತ್ತು. ಅಲ್ಲಿಯವರೆಗೆ ಈ ಕನೆಕ್ಟರ್ ಯಾರೂ ಕೇಳದೆಯೇ ಆನ್ ಆಗಿದ್ದು, ಎಲ್ಲ ನೆಟ್‌ವರ್ಕ್ ವಿಳಾಸಗಳಲ್ಲೂ ಕೇಳಿಸಿಕೊಳ್ಳುತ್ತಿತ್ತು. 9.0.31, 8.5.51, 7.0.100 ಆವೃತ್ತಿಗಳಲ್ಲಿ ತಿದ್ದುಪಡಿ ಬಂತು: ಕನೆಕ್ಟರ್ ಈಗ ಕಮೆಂಟ್ ಒಳಗೆ ಇರುತ್ತದೆ, ಲೂಪ್‌ಬ್ಯಾಕ್‌ನಲ್ಲಿ, ಅಂದರೆ ಅದೇ ಮೆಷಿನ್‌ನ ಒಳಗಿನಿಂದ, ಮಾತ್ರ ಕೇಳಿಸಿಕೊಳ್ಳುತ್ತದೆ, ಸೀಕ್ರೆಟ್ (ಎರಡೂ ಕಡೆ ಗೊತ್ತಿರಬೇಕಾದ ಗುಟ್ಟಿನ ಪದ) ಕೊಡದಿದ್ದರೆ ಶುರುವಾಗಲು ಒಪ್ಪುವುದೇ ಇಲ್ಲ.

ಹಳೆಯ ಲೇಖನ ನೋಡಿಕೊಂಡು ಎಜೆಪಿ ಕಟ್ಟುವವರು ಈಗ ಸಾಲಾಗಿ ಮೂರು ಕಡೆ ಎಡವುತ್ತಾರೆ. ಕಮೆಂಟ್ ತೆಗೆಯುತ್ತಾರೆ, ಟಾಮ್‌ಕ್ಯಾಟ್ ಶುರುವಾಗುತ್ತದೆ, 8009 ಮಾತ್ರ ತೆರೆಯುವುದಿಲ್ಲ. ಲಾಗ್ ನೋಡಿದರೆ ಸೀಕ್ರೆಟ್ ಬೇಕು ಎಂದಿದ್ದೀರಿ, ಸೀಕ್ರೆಟ್ ಕೊಟ್ಟಿಲ್ಲ ಎಂಬ ತಕರಾರು. ಸೀಕ್ರೆಟ್ ಕೊಡುತ್ತಾರೆ, ಪೋರ್ಟ್ ತೆರೆಯುತ್ತದೆ, ಅಪಾಚೆಗೆ ಮಾತ್ರ ಕನೆಕ್ಷನ್ ರಿಫ್ಯೂಸ್ಡ್. ಸರ್ವರ್ ಡಾಟ್ ಎಕ್ಸ್‌ಎಂಎಲ್‌ನ ಮಾದರಿ ಸಾಲಿನಲ್ಲಿ ವಿಳಾಸದ ಜಾಗದಲ್ಲಿ ::1 ಎಂದು ಇರುತ್ತದೆ, ಅದು ಐಪಿವಿ6ರ ಲೂಪ್‌ಬ್ಯಾಕ್. ಅಪಾಚೆ ಬಡಿಯುತ್ತಿರುವುದು 127.0.0.1ರ ಬಾಗಿಲನ್ನು. ಕಣ್ಣಿಗೆ ಎರಡೂ ಲೋಕಲ್‌ಹೋಸ್ಟೇ, ಸಾಕೆಟ್‌ಗೆ ಬೇರೆ ಬೇರೆ. ಅದನ್ನೂ ಸರಿಮಾಡಿದ ಮೇಲೆ 403. ಟಾಮ್‌ಕ್ಯಾಟ್‌ಗೆ ಹೇಳಿದ ಸೀಕ್ರೆಟ್ಟನ್ನು ಅಪಾಚೆಗೂ ಹೇಳಬೇಕಲ್ಲ. ಪ್ರಾಕ್ಸಿಪಾಸ್ ಸಾಲಿನಲ್ಲಿ ಸೀಕ್ರೆಟ್ ಬರೆಯುವ ಅನುಕೂಲ ಬಂದದ್ದು ಅಪಾಚೆ 2.4.42ರಿಂದ. ಅದಕ್ಕಿಂತ ಹಳೆಯ ಅಪಾಚೆಯಾದರೆ ಒಂದೋ ಅದನ್ನು ಮೇಲೇರಿಸಬೇಕು, ಇಲ್ಲ ಸೀಕ್ರೆಟ್ ಬೇಡ ಎಂದು ಟಾಮ್‌ಕ್ಯಾಟ್‌ಗೆ ಹೇಳಿ ಲೂಪ್‌ಬ್ಯಾಕ್‌ನ ನಂಬಿಕೆಯ ಮೇಲೆ ಬದುಕಬೇಕು.

ಎಜೆಪಿಗೆ ಎನ್‌ಕ್ರಿಪ್ಷನ್ ಇಲ್ಲ ಎಂಬುದನ್ನೂ ಮರೆಯಬೇಡಿ. ಅಪಾಚೆ ಒಂದು ಮೆಷಿನ್‌ನಲ್ಲಿ, ಟಾಮ್‌ಕ್ಯಾಟ್ ಇನ್ನೊಂದರಲ್ಲಿ ಇದ್ದು, ನಡುವಿನ ನೆಟ್‌ವರ್ಕ್ ಪೂರ್ತಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಎಜೆಪಿ ಬೇಡ. ಎಚ್‌ಟಿಟಿಪಿಎಸ್‌ನಲ್ಲೇ ಪ್ರಾಕ್ಸಿ ಮಾಡಿ.

ಮಾಡ್‌-ಜೆಕೆ: ಇದ್ದರೆ ಇರಲಿ

ಮಾಡ್‌-ಜೆಕೆ ಆಡುವುದೂ ಎಜೆಪಿಯನ್ನೇ. ಆದರೆ ಇದು ಅಪಾಚೆಯ ಜೊತೆ ಬರುವುದಿಲ್ಲ, ಟಾಮ್‌ಕ್ಯಾಟ್ ತಂಡದವರ ಪ್ರತ್ಯೇಕ ಮಾಡ್ಯೂಲ್. ಡೆಬಿಯನ್‌ನಲ್ಲಿ ಪ್ಯಾಕೇಜ್ ಸಿಗುತ್ತದೆ. ಪ್ಯಾಕೇಜ್ ಸಿಗದ ಕಡೆ ಸೋರ್ಸ್‌ನಿಂದ ಕಂಪೈಲ್ ಮಾಡಿಕೊಳ್ಳಬೇಕು. ಆ ಕಂಪೈಲ್ ಕೆಲಸ ಒಂದು ಸಲಕ್ಕೆ ಮುಗಿಯುವುದಿಲ್ಲ, ಮುಂದೆ ಭದ್ರತಾ ತಿದ್ದುಪಡಿ ಬಂದಾಗಲೆಲ್ಲ ಮತ್ತೆ ನಿಮ್ಮ ತಲೆಗೇ ಬರುತ್ತದೆ.

ವರ್ಕರ್ಸ್ ಡಾಟ್ ಪ್ರಾಪರ್ಟೀಸ್ ಎಂಬ ಬೇರೆಯೇ ಫೈಲ್, ಅದಕ್ಕೆ ಬೇರೆಯೇ ವ್ಯಾಕರಣ. ಹೊಸಬರನ್ನು ಕೆಡವುವ ಸಾಲು, ಯಾವ ಪಾಥ್ ಟಾಮ್‌ಕ್ಯಾಟ್‌ಗೆ ಹೋಗಬೇಕೆಂದು ಹೇಳುವ ಜೆಕೆಮೌಂಟ್. ಅದನ್ನು ಅಪಾಚೆಯ ಮುಖ್ಯ ಕಾನ್ಫಿಗ್‌ನಲ್ಲಿ ಬರೆದರೆ ವರ್ಚುಯಲ್ ಹೋಸ್ಟ್‌ಗಳಿಗೆ ತಾನಾಗಿ ಇಳಿಯುವುದಿಲ್ಲ. ಎಲ್ಲ ಸರಿಯಾಗಿ ಬರೆದಿದ್ದರೂ 404 ಬರುತ್ತದೆ, ಮಾಡ್‌-ಜೆಕೆ ಲಾಗ್‌ನಲ್ಲಿ ದೂರೇ ಇರುವುದಿಲ್ಲ. ಜೆಕೆಮೌಂಟನ್ನು ವರ್ಚುಯಲ್ ಹೋಸ್ಟ್ ಒಳಗೇ ಬರೆಯಿರಿ, ಇಲ್ಲವೇ ಜೆಕೆಮೌಂಟ್‌ಕಾಪಿ ಆನ್ ಮಾಡಿ.

ಇಷ್ಟಾದರೂ ಹಲವು ಟಾಮ್‌ಕ್ಯಾಟ್‌ಗಳ ನಡುವೆ ಹೊರೆ ಹಂಚುವ ಜಾಗದಲ್ಲಿ ಮಾಡ್‌-ಜೆಕೆ ಹಳೆಯ ಹುಲಿ. ಅದರ ಸ್ಟೇಟಸ್ ಪುಟದಲ್ಲಿ ಯಾವ ನೋಡ್ ಬದುಕಿದೆ, ಯಾವುದು ಎಷ್ಟು ಹೊತ್ತಿದೆ ಎಂದು ನೋಡುತ್ತಲೇ ಒಂದನ್ನು ಬದಿಗಿಡಬಹುದು. ಒಂದೇ ಎಚ್ಚರ: ವರ್ಕರ್‌ನ (ಅಂದರೆ ಹಿಂದಿನ ಒಂದೊಂದು ಟಾಮ್‌ಕ್ಯಾಟ್‌ಗೆ ಆ ಫೈಲಿನಲ್ಲಿ ಇಟ್ಟ) ಹೆಸರು, ಆಯಾ ಟಾಮ್‌ಕ್ಯಾಟ್ ತನ್ನನ್ನು ಕರೆದುಕೊಳ್ಳುವ ಹೆಸರಾದ ಜೆವಿಎಂರೂಟ್ ಎರಡೂ ಅಕ್ಷರಶಃ ಒಂದೇ ಇರಬೇಕು. ಸೆಷನ್ ಐಡಿಯ ಬಾಲದಲ್ಲಿ ಚುಕ್ಕೆ ಇಟ್ಟು ಬರುವ ಹೆಸರು ಅದೇ. ಹೊಂದದಿದ್ದರೆ ಬಳಕೆದಾರ ಒಂದು ಕ್ಲಿಕ್ಕಿಗೆ ಒಂದು ಸರ್ವರ್‌ಗೆ ಹೋಗಿ ಲಾಗಿನ್ ಕಳೆದುಕೊಳ್ಳುತ್ತಾನೆ. ಚೆನ್ನಾಗಿ ನಡೆಯುತ್ತಿರುವ ಮಾಡ್‌-ಜೆಕೆಯನ್ನು ಫ್ಯಾಷನ್‌ಗಾಗಿ ಕಿತ್ತುಹಾಕಬೇಕಿಲ್ಲ. ಹೊಸದಾಗಿ ಹಾಕುವುದಕ್ಕೆ ಕಾರಣವೂ ನನಗೆ ಕಾಣುವುದಿಲ್ಲ, ಅಪಾಚೆಯ ಒಳಗಿನ ಬ್ಯಾಲೆನ್ಸರ್ ಈಗ ಅದೇ ಕೆಲಸ ಮಾಡುತ್ತದೆ.

ಎಂಜಿನ್‌ಎಕ್ಸ್

ಇದರ ಮುಖ್ಯ ಆವೃತ್ತಿಯಲ್ಲಿ ಎಜೆಪಿ ಇಲ್ಲ, ಹಾಗಾಗಿ ಗೊಂದಲವೂ ಅಷ್ಟು ಕಡಿಮೆ. ಕಾನ್ಫಿಗ್ ಓದಲು ಹಗುರ. ನಿಮ್ಮ ತಂಡಕ್ಕೆ ಎಂಜಿನ್‌ಎಕ್ಸ್ ಪರಿಚಯವಿದ್ದರೆ ಅಪಾಚೆ ಕಲಿಯಲು ಹೋಗಬೇಡಿ, ಅಪಾಚೆ ಪರಿಚಯವಿದ್ದರೆ ಇದಕ್ಕೆ ಹಾರಬೇಡಿ. ಎಚ್‌ಟಿ-ಆಕ್ಸೆಸ್ ಫೈಲುಗಳನ್ನು (ಫೋಲ್ಡರ್ ಒಳಗಿಂದಲೇ ಅಪಾಚೆಗೆ ನಿಯಮ ಹೇಳುವಂಥವು) ನಂಬಿಕೊಂಡ ಪಿಎಚ್‌ಪಿ ಸೈಟ್ ಅದೇ ಮೆಷಿನ್‌ನಲ್ಲಿದ್ದರೆ ಅಪಾಚೆಯಲ್ಲೇ ಉಳಿಯಿರಿ, ಎಂಜಿನ್‌ಎಕ್ಸ್ ಅವನ್ನು ಓದುವುದೇ ಇಲ್ಲ.

ಎಕ್ಸ್‌-ಫಾರ್ವರ್ಡೆಡ್ ಹೆಡರ್‌ಗಳಲ್ಲಿ ಒಂದನ್ನೂ ಇದು ತಾನಾಗಿ ಹಾಕುವುದಿಲ್ಲ. ಹೋಸ್ಟ್ ಹೆಡರನ್ನೂ ನಾವೇ ಬರೆಯಬೇಕು. ಅಪ್‌ಲೋಡ್ ಗಾತ್ರದ ಮಿತಿ ಮೊದಲಿಗೆ 1 ಎಂಬಿ. ಫೋನ್‌ನಲ್ಲಿ ತೆಗೆದ ಒಂದು ಫೋಟೋ ಹಾಕಿದರೆ 413 ಬರುತ್ತದೆ, ಜಾವಾ ಹುಡುಗರು ತಮ್ಮ ಕೋಡ್‌ನಲ್ಲಿ ಅಪ್‌ಲೋಡ್ ಮಿತಿ ಏರಿಸುತ್ತ ಕೂತಿರುತ್ತಾರೆ, ರಿಕ್ವೆಸ್ಟ್ ಅಲ್ಲಿಗೆ ತಲುಪೇ ಇರುವುದಿಲ್ಲ. ಹೆಸರಿನಲ್ಲಿ ಅಂಡರ್‌ಸ್ಕೋರ್ ಇರುವ ಹೆಡರ್‌ಗಳನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ, ಎಪಿಐ ಕೀಯನ್ನು ಅಂಥ ಹೆಸರಿನ ಹೆಡರ್‌ನಲ್ಲಿ ಕಳಿಸುವವರಿಗೆ ಇದು ಗೊತ್ತಿರಲಿ. ಹಿಂದಿನಿಂದ 60 ಸೆಕೆಂಡ್ ಏನೂ ಬರದಿದ್ದರೆ 504. ದೊಡ್ಡ ರಿಪೋರ್ಟ್ ತಯಾರಿಸುವ ಪುಟಗಳಿಗೆ ಆ ಒಂದು ಪಾಥ್‌ನಲ್ಲಿ ಮಾತ್ರ ಮಿತಿ ಏರಿಸಿ, ಇಡೀ ಸೈಟಿಗೆ ಬೇಡ.

ವಿಂಡೋಸ್‌ನ ವೆಬ್ ಸರ್ವರ್ ಆದ ಐಐಎಸ್ ಇರುವವರಿಗೆ ಒಂದೇ ಮಾತು: ಮಾಡ್‌-ಜೆಕೆಯ ಬಂಧುವಾದ ಐಸ್ಯಾಪಿ ರೀಡೈರೆಕ್ಟರ್ ಬಿಟ್ಟು, ಯುಆರ್‌ಎಲ್ ರೀರೈಟ್ ಜೊತೆಗೆ ಎಆರ್‌ಆರ್ ಎಂಬ ಐಐಎಸ್ ಮಾಡ್ಯೂಲ್ ಬಳಸಿ. ಅದೂ ಎಚ್‌ಟಿಟಿಪಿ ಪ್ರಾಕ್ಸಿಯೇ.

ಯಾವುದನ್ನು ಆರಿಸಿದರೂ ಕಾಯ್ದು ಕೂತಿರುವ ತೊಂದರೆಗಳು

ಅಪಾಚೆಯ ಎರರ್ ಲಾಗ್‌ನಲ್ಲಿ ಸಾಲಿನ ನಡುವೆ ಬ್ರಾಕೆಟ್ ಒಳಗೆ ಒಂದು ಸಂಖ್ಯೆ ಇರುತ್ತದೆ, ಮೊದಲು ಅದನ್ನು ಓದಿ. 111 ಎಂದರೆ ಕನೆಕ್ಷನ್ ರಿಫ್ಯೂಸ್ಡ್: ಆ ವಿಳಾಸದ ಆ ಪೋರ್ಟ್‌ನಲ್ಲಿ ಯಾರೂ ಇಲ್ಲ. ಟಾಮ್‌ಕ್ಯಾಟ್ ಎದ್ದಿಲ್ಲ, ಅಥವಾ ಮೇಲೆ ಹೇಳಿದ ::1ರ ಕತೆ. 13 ಎಂದರೆ ಪರ್ಮಿಷನ್ ಡಿನೈಡ್. ಟಾಮ್‌ಕ್ಯಾಟ್ ಇದೆ, ಕರ್ಲ್‌ಗೆ ಉತ್ತರ ಕೊಡುತ್ತಿದೆ, ಆದರೂ ಅಪಾಚೆಗೆ ಅನುಮತಿ ಇಲ್ಲ. ರೆಡ್ ಹ್ಯಾಟ್, ರಾಕಿ, ಅಲ್ಮಾ, ಫೆಡೋರಾಗಳಲ್ಲಿ ಇದು ಎಸ್‌ಇ-ಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಕೆಲಸ. ವೆಬ್ ಸರ್ವರ್ ತಾನಾಗಿ ಹೊರಗೆ ಸಂಪರ್ಕ ಮಾಡಬಾರದು ಎಂಬ ನಿಯಮ ಅಲ್ಲಿದೆ. ಇಂಥ ಹೊತ್ತಲ್ಲಿ ಎಸ್‌ಇ-ಲಿನಕ್ಸನ್ನೇ ಆಫ್ ಮಾಡಿ ಎಂಬ ಸಲಹೆ ಸಿಗುತ್ತದೆ, ಕೇಳಬೇಡಿ. ಎಚ್‌ಟಿಟಿಪಿಡಿ ಕ್ಯಾನ್ ನೆಟ್‌ವರ್ಕ್ ಕನೆಕ್ಟ್ ಎಂಬ ಒಂದು ಬೂಲಿಯನ್ ಆನ್ ಮಾಡಿದರೆ ಮುಗಿಯಿತು. ಸೆಟ್‌ಸೆಬೂಲ್ ಕಮಾಂಡ್‌ಗೆ ದೊಡ್ಡಕ್ಷರದ ಪಿ ಆಯ್ಕೆ ಕೊಡದಿದ್ದರೆ ಮುಂದಿನ ರೀಬೂಟ್‌ಗೆ ಅದು ಹೋಗುತ್ತದೆ, ತಿಂಗಳುಗಳ ನಂತರ ಒಂದು ಬೆಳಗ್ಗೆ ಅದೇ 503 ತಿರುಗಿ ಬರುತ್ತದೆ.

ಟಾಮ್‌ಕ್ಯಾಟ್ ರೀಸ್ಟಾರ್ಟ್ ಮಾಡಿ, ಅದು ಎದ್ದು, 8080ರಲ್ಲಿ ಪುಟವೂ ಬಂದು, ಅಪಾಚೆ ಮಾತ್ರ ಇನ್ನೂ 503 ಕೊಡುತ್ತಿದೆಯೇ? ಅಪಾಚೆ ಒಮ್ಮೆ ಬಾಗಿಲು ಬಡಿದು ಉತ್ತರ ಸಿಗದಿದ್ದರೆ ಆ ವರ್ಕರನ್ನು ಕೆಟ್ಟದ್ದೆಂದು ಗುರುತು ಹಾಕಿ, 60 ಸೆಕೆಂಡ್ ಅತ್ತ ತಿರುಗಿಯೂ ನೋಡುವುದಿಲ್ಲ. ಗಾಬರಿಬಿದ್ದವರು ಅಷ್ಟರಲ್ಲಿ ಏನೋ ಒಂದು ಸಾಲು ಬದಲಿಸಿರುತ್ತಾರೆ, ನಿಮಿಷ ಕಳೆದು ಸೈಟ್ ಬರುತ್ತದೆ, ಆ ಸಾಲೇ ಸರಿಮಾಡಿತು ಎಂಬ ನಂಬಿಕೆ ಹುಟ್ಟುತ್ತದೆ. ಕಾನ್ಫಿಗ್ ಫೈಲುಗಳಲ್ಲಿ ಅರ್ಥವಿಲ್ಲದ ಸಾಲುಗಳು ಬೆಳೆಯುವುದು ಹೀಗೇ. ಹಿಂದೆ ಒಂದೇ ಟಾಮ್‌ಕ್ಯಾಟ್ ಇದ್ದರೆ ಪ್ರಾಕ್ಸಿಪಾಸ್‌ನಲ್ಲಿ ರೀಟ್ರೈ 0 ಎಂದು ಹಾಕಿ.

ಇನ್ನು ಒಂದೊಂದು ರಿಕ್ವೆಸ್ಟ್ ನೋಡಿಕೊಳ್ಳುವ ಥ್ರೆಡ್‌ಗಳ ಲೆಕ್ಕ. ಟಾಮ್‌ಕ್ಯಾಟ್‌ನ ಮ್ಯಾಕ್ಸ್‌ಥ್ರೆಡ್ಸ್ ಮೊದಲಿಗೆ 200. ಅಪಾಚೆ ಇವೆಂಟ್ ಮಾದರಿಯಲ್ಲಿ 400 ರಿಕ್ವೆಸ್ಟ್‌ವರೆಗೆ, ಪ್ರೀಫೋರ್ಕ್‌ನಲ್ಲಿ 256ವರೆಗೆ ಒಟ್ಟಿಗೆ ಹಿಡಿಯುತ್ತದೆ. ಎಲ್ಲವೂ ಹಿಂದಕ್ಕೇ ಹೋಗುವ ಸೈಟಾದರೆ ಪರೀಕ್ಷೆಯ ಫಲಿತಾಂಶದ ದಿನದಂಥ ನೂಕುನುಗ್ಗಲಿನಲ್ಲಿ ಸಾಲು ಟಾಮ್‌ಕ್ಯಾಟ್ ಬಾಗಿಲಲ್ಲಿ ನಿಲ್ಲುತ್ತದೆ. ಹಳೆಯ ಟಾಮ್‌ಕ್ಯಾಟ್ 7ರ ಎಜೆಪಿಯಲ್ಲಿ ಇದು ಇನ್ನೂ ಕೆಟ್ಟದು. ಅಲ್ಲಿ ಸುಮ್ಮನೆ ತೆರೆದಿಟ್ಟ ಸಂಪರ್ಕವೂ ಒಂದೊಂದು ಥ್ರೆಡ್ ತಿನ್ನುತ್ತಿತ್ತು, ಸೈಟಿನಲ್ಲಿ ಜನವೇ ಇಲ್ಲದಿದ್ದರೂ 200 ಮುಗಿದಿರುತ್ತಿತ್ತು. ಎರಡರ ನಡುವೆ ಫೈರ್‌ವಾಲ್ ಇದ್ದರೆ ಇನ್ನೊಂದು ಕಾಟ: ರಾತ್ರಿಯೆಲ್ಲ ಸುಮ್ಮನಿದ್ದ ಸಂಪರ್ಕವನ್ನು ಅದು ಯಾರಿಗೂ ಹೇಳದೆ ಕಡಿದಿರುತ್ತದೆ, ಬೆಳಗಿನ ಮೊದಲ ರಿಕ್ವೆಸ್ಟ್ ಸತ್ತ ಸಂಪರ್ಕದಲ್ಲಿ ಹೋಗಿ ನೇತಾಡುತ್ತದೆ. ಮಾಡ್‌-ಜೆಕೆಯಲ್ಲಿ ಇದಕ್ಕೆ ಕನೆಕ್ಷನ್‌-ಪೂಲ್‌-ಟೈಮ್‌ಔಟ್, ಟಾಮ್‌ಕ್ಯಾಟ್‌ನಲ್ಲಿ ಕನೆಕ್ಷನ್‌-ಟೈಮ್‌ಔಟ್, ಎರಡನ್ನೂ ಹೊಂದಿಸಬೇಕು. ಮೊದಲನೆಯದು ಸೆಕೆಂಡ್‌ನಲ್ಲಿ, ಎರಡನೆಯದು ಮಿಲಿಸೆಕೆಂಡ್‌ನಲ್ಲಿ. 600ಕ್ಕೆ ಜೋಡಿ 600000.

ಕನ್ನಡದಂಥ ಲಿಪಿಗಳಲ್ಲಿ ಸೈಟ್ ನಡೆಸುವವರಿಗೆ ಎದುರಾಗುವ ಒಂದು ಸಂಗತಿಯೂ ಇದೆ. ಯುಟಿಎಫ್‌-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಒತ್ತು, ಗುಣಿತದ ಚಿಹ್ನೆಗೆ ಮೂರು ಬೈಟ್. ವಿಳಾಸದಲ್ಲಿ ಅದು ಶೇಕಡಾ ಚಿಹ್ನೆಗಳ ರೂಪ ತಾಳಿದಾಗ ಮೂರರ ಮೂರರಷ್ಟು, ಅಂದರೆ ಒಂಬತ್ತು ಅಕ್ಷರ. "ಕರ್ನಾಟಕ" ಎಂಬ ಒಂದೇ ಪದ ಯುಆರ್‌ಎಲ್‌ನಲ್ಲಿ 63 ಅಕ್ಷರವಾಗುತ್ತದೆ. ಉದ್ದದ ಹುಡುಕಾಟದ ಪದಗಳು, ಅದೇ ವಿಳಾಸ ರೆಫರರ್ ಹೆಡರ್‌ನಲ್ಲಿ ಇನ್ನೊಮ್ಮೆ, ಜೊತೆಗೆ ದೊಡ್ಡ ಕುಕ್ಕಿಗಳು. ಇಂಗ್ಲಿಷ್ ಸೈಟ್ ಎಂದೂ ಮುಟ್ಟದ ಮಿತಿಯನ್ನು ನಮ್ಮದು ಮುಟ್ಟುತ್ತದೆ. ಎಜೆಪಿಯಲ್ಲಿ ರಿಕ್ವೆಸ್ಟ್‌ನ ಹೆಡರ್‌ಗಳೆಲ್ಲ ಒಂದೇ ಪ್ಯಾಕೆಟ್‌ನಲ್ಲಿ ಹಿಡಿಸಬೇಕು, ಮೊದಲಿಗೆ ಅದರ ಗಾತ್ರ 8192 ಬೈಟ್. 65536ವರೆಗೆ ಏರಿಸಬಹುದು, ಆದರೆ ಎರಡೂ ಕಡೆ ಸಮನಾಗಿ ಏರಿಸಬೇಕು. ಎಚ್‌ಟಿಟಿಪಿಯಲ್ಲೂ ಟಾಮ್‌ಕ್ಯಾಟ್‌ನ ಹೆಡರ್ ಮಿತಿ ಮೊದಲಿಗೆ ಅಷ್ಟೇ, ಏರಿಸಲು ಒಂದೇ ಕಡೆ ಒಂದು ಸಂಖ್ಯೆ ಬದಲಿಸಿದರೆ ಸಾಕು. ಹುಡುಕಿದ ಕನ್ನಡ ಪದ ಪುಟದಲ್ಲಿ ಗೀಚುಗೀಚಾಗಿ ಬಂದರೆ ಪ್ರಾಕ್ಸಿಯನ್ನು ಬೈಯುವ ಮೊದಲು ಟಾಮ್‌ಕ್ಯಾಟ್ ಆವೃತ್ತಿ ನೋಡಿ. 7ರವರೆಗೆ ಅದು ವಿಳಾಸಗಳನ್ನು ಲ್ಯಾಟಿನ್ ಎಂದೇ ಓದುತ್ತಿತ್ತು, ಕನೆಕ್ಟರ್ ಸಾಲಿನಲ್ಲಿ ಯುಆರ್‌ಐ-ಎನ್‌ಕೋಡಿಂಗ್ ಎಂದು ಯುಟಿಎಫ್‌-8 ಹಾಕಬೇಕಿತ್ತು. 8ರಿಂದ ಅದೇ ವಾಡಿಕೆ.

ಈಗಾಗಲೇ ಎಜೆಪಿಯಲ್ಲಿ ಇದ್ದೀರಾ?

ಒಂದೇ ರಾತ್ರಿಯಲ್ಲಿ ಬದಲಿಸುವುದು ಬೇಡ. ಎಜೆಪಿ ಕನೆಕ್ಟರ್ ಹಾಗೇ ಇರಲಿ. ಅದರ ಪಕ್ಕ 127.0.0.1ಕ್ಕೆ ಕಟ್ಟಿದ ಎಚ್‌ಟಿಟಿಪಿ ಕನೆಕ್ಟರ್ ಒಂದನ್ನು ತೆರೆಯಿರಿ, ರಿಮೋಟ್‌-ಐಪಿ-ವಾಲ್ವ್ ಹಾಕಿ. ಅಪಾಚೆಯಲ್ಲಿ ಯಾರೂ ಹೆಚ್ಚು ಬಳಸದ ಒಂದು ಪಾಥನ್ನು ಮಾತ್ರ ಹೊಸ ದಾರಿಗೆ ಹೊರಳಿಸಿ. ಪ್ರಾಕ್ಸಿಪಾಸ್ ಸಾಲುಗಳನ್ನು ಅಪಾಚೆ ಮೇಲಿನಿಂದ ಓದುತ್ತ ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ, ಆದ್ದರಿಂದ ಆ ಚಿಕ್ಕ ಪಾಥ್‌ನ ಸಾಲು ಬುಡದ ಸಾಲಿಗಿಂತ ಮೇಲಿರಬೇಕು. ಲಾಗಿನ್ ಉಳಿಯುತ್ತದೆಯೇ, ಆಕ್ಸೆಸ್ ಲಾಗ್‌ನಲ್ಲಿ ನಿಜವಾದ ಐಪಿ ಬರುತ್ತದೆಯೇ, ರೀಡೈರೆಕ್ಟ್‌ಗಳು ಎಚ್‌ಟಿಟಿಪಿಎಸ್‌ನಲ್ಲೇ ಇವೆಯೇ, ಇಮೇಲ್‌ಗಳಲ್ಲಿ ಹೋಗುವ ಲಿಂಕ್‌ನಲ್ಲಿ ನಿಮ್ಮ ಡೊಮೇನ್ ಇದೆಯೇ, ಈ ನಾಲ್ಕನ್ನು ನೋಡಿಕೊಂಡು ಉಳಿದದ್ದನ್ನು ಹೊರಳಿಸಿ. ಒಂದು ವಾರ ಬಿಟ್ಟು 8009ರ ಸಾಲು ತೆಗೆದು ರೀಸ್ಟಾರ್ಟ್ ಮಾಡಿದ ಮೇಲೆ, ತೆರೆದ ಪೋರ್ಟ್‌ಗಳನ್ನು ತೋರಿಸುವ ಎಸ್‌ಎಸ್ ಕಮಾಂಡ್‌ನಲ್ಲಿ ಆ ಪೋರ್ಟ್ ನಿಜವಾಗಿಯೂ ಮುಚ್ಚಿದೆಯೇ ನೋಡಿ. ಹಿಂದೆ ಯಾರೋ ಅದಕ್ಕೆಂದು ಫೈರ್‌ವಾಲ್‌ನಲ್ಲಿ ತೆರೆದ ಕಿಂಡಿ ಇದ್ದರೆ ಅದನ್ನೂ ಅಳಿಸಿಬಿಡಿ.